ಸಿಂಕ್ ಇಲ್ಲದ ದೇಶ

“ಅದೆಲ್ಲ ಸರಿ ಕಣೋ, ನಿನ್ನ ದೇಶದಲ್ಲಿ ಸಿಂಕ್ ಎಲ್ಲಿದೆ?”

ಅಕ್ಕ ಕೇಳಿದಳು. ಅವಳ ಮೊಣಕೈವರೆಗೂ ಸೋಪಿನ ನೊರೆ. ಮುಂದೆ ಸಂಜೆಯ ಊಟದ ಪಾತ್ರೆಗಳ ರಾಶಿ.

ಬುಗುರಿ ನಕ್ಷೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ನಿಂತಲ್ಲಿ ನಿಲ್ಲದವನು ಎಂದು ಮನೆಯವರೇ ಇಟ್ಟ ಹೆಸರು ಅದು. ಅಂಥವನು ಮೂವತ್ತು ದಿನ ಕೂತು ಬರೆದಿದ್ದ! ಲೈಬ್ರರಿ ಮೇಡಂ ಮಕ್ಕಳಿಗೆಲ್ಲ ಒಂದು ಚಾಲೆಂಜ್ ಕೊಟ್ಟಿದ್ದರು: ದಿನಕ್ಕೊಂದು ಪುಟ ಬರೆದು, ನಕ್ಷೆಯನ್ನೂ ಮಾಡಿ, ತಿಂಗಳೊಳಗೆ ಹೊಸ ದೇಶವೊಂದನ್ನು ಕಟ್ಟಬೇಕು.

ಇವತ್ತು ಮೂವತ್ತನೇ ಪುಟವೂ ಮುಗಿದಿತ್ತು. ಉಳಿದದ್ದು ಒಂದೇ ಹಾಳೆ. ‘ಈ ತಿಂಗಳಲ್ಲಿ ನನಗೆ ಏನು ತಿಳಿಯಿತು’ ಎಂದು ಅದರಲ್ಲಿ ಬರೆದು ನಾಳೆ ಎಲ್ಲರೆದುರು ಓದಬೇಕು. ಓದಿದವರ ನಕ್ಷೆ ಮಾತ್ರ ಲೈಬ್ರರಿಯ ಗೋಡೆ ಏರುತ್ತದೆ. ಆ ಹಾಳೆಯೋ, ಮಧ್ಯಾಹ್ನದಿಂದ ಖಾಲಿ ಬಿದ್ದಿತ್ತು.

“ಸಿಂಕ್ ಯಾಕೆ? ನನ್ನ ದೇಶದಲ್ಲಿ ಏಳು ಚಂದ್ರ ಇದಾವೆ. ಕಾಮನಬಿಲ್ಲಿನ ಮೇಲೆ ರೈಲು ಓಡುತ್ತೆ. ರಾಜ ದಿನಾ ಎರಡು ಸಾವಿರ ಜನಕ್ಕೆ ಊಟ ಹಾಕ್ತಾನೆ, ಗೊತ್ತಾ?”

“ಎರಡು ಸಾವಿರ ತಟ್ಟೆ! ತೊಳೆಯೋರು ಯಾರು?”

“ಮ್ಯಾಜಿಕ್ ತೊಳೆಯುತ್ತೆ.”

“ಓಹೋ! ಪಾಪ, ಮ್ಯಾಜಿಕ್ಕಿಗೆ ಭಾನುವಾರ ರಜೆ ಇದೆಯಾ?”

ಆಚೆ ಕೋಣೆಯಲ್ಲಿ ಅಮ್ಮ ಕಾಲು ಚಾಚಿ ಕೂತಿದ್ದಳು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. “ಆಸ್ಪತ್ರೆ ಇದೆಯೇನಪ್ಪಾ ನಿಮ್ಮ ದೇಶದಲ್ಲಿ?” ಎಂದು ಅಲ್ಲಿಂದಲೇ ಕೂಗಿದಳು.

“ಇದೆಯಮ್ಮಾ! ಎಲ್ಲ ಮೋಡದ ಹಾಸಿಗೆ!”

“ಅಯ್ಯೋ, ಮೋಡಕ್ಕೆ ಔಷಧಿ ಕಲೆ ಹತ್ತಿದ್ರೆ ಬಲು ಕಷ್ಟ ಕಣೋ. ಎರಡು ಸಲ ನೆನೆಹಾಕಬೇಕಾಗುತ್ತೆ.”

ಅಕ್ಕ ಕಿಸಕ್ಕನೆ ನಕ್ಕಳು. ಬುಗುರಿಯ ಮೂಗು ಕೆಂಪಾಯಿತು.

“ಇಬ್ಬರೂ ಸೇರಿ ನನ್ನ ದೇಶದ ಮಾನ ಕಳೀತಿದೀರಿ! ಅಕ್ಕಾ, ನೀನೇನು ನಗೋದು? ನೀನೂ ಚಾಲೆಂಜಿಗೆ ಹೆಸರು ಕೊಟ್ಟಿದ್ದೆ. ಒಂಬತ್ತೇ ದಿನಕ್ಕೆ ಟುಸ್ ಅಂದೆ. ಬೇಕಾದ್ರೆ ಎಣಿಸಿ ತೋರಿಸ್ತೀನಿ!”

ಗಿರ್ರನೆ ತಿರುಗಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ. ಬರೆದ ದಿನಕ್ಕೊಂದು ಸ್ಟಾರ್. ಅವನದು ನೀಲಿ, ಅಕ್ಕನದು ಕೆಂಪು.

“ಒಂದು, ಎರಡು, ಮೂರು…” ಕೆಂಪು ಸ್ಟಾರುಗಳ ಮೇಲೆ ಬೆರಳು ಓಡಿತು. “ಎಂಟು, ಒಂಬತ್ತು…”

ಹತ್ತನೇ ಚೌಕದಲ್ಲಿ ಬೆರಳು ನಿಂತಿತು. ಅಲ್ಲಿ ಏನೋ ಬರೆದಿತ್ತು. ಅಕ್ಷರ ಅವನದೇ: ‘ಯುದ್ಧ ಶುರು. ಪಾತ್ರೆ ಅಕ್ಕ. ಇವತ್ತೊಂದೇ ದಿನ.’

ಆ ಮನೆಯಲ್ಲಿ ಬೆಳಗಿನ ಪಾತ್ರೆ ಅಕ್ಕನದು, ಸಂಜೆಯದು ಬುಗುರಿಯದು. ದಿನವಿಡೀ ನೀರಲ್ಲಿ ನೆಂದು ಬರುವ ಅಮ್ಮನ ಕೈಗೆ ಮನೆಯಲ್ಲಾದರೂ ಬಿಡುವಿರಲಿ ಎಂದು ಇಬ್ಬರೂ ಸೇರಿ ಮಾಡಿದ ಕಾನೂನು ಅದು. ಬುಗುರಿ ಪಾತ್ರೆ ತೊಳೆಯುವ ಹೊತ್ತಿಗೆ ಅಕ್ಕ ಬರೆಯಲು ಕೂರುತ್ತಿದ್ದಳು. ಹತ್ತನೇ ದಿನ ಮಾತ್ರ ಅವನ ಪುಟದಲ್ಲಿ ಶತ್ರುಗಳ ಸೇನಾಪತಿ ಕೋಟೆಯ ಬಾಗಿಲಿಗೇ ಬಂದುಬಿಟ್ಟಿದ್ದ. ಬಿಟ್ಟು ಏಳುವುದು ಹೇಗೆ?

ಒಂದು ದಿನದ ಯುದ್ಧ ಇಪ್ಪತ್ತೊಂದು ದಿನ ನಡೆದಿತ್ತು.

“ಯಾಕೆ ಮಹಾರಾಜರೇ, ಲೆಕ್ಕ ನಿಂತೇಹೋಯ್ತು?” ಅಕ್ಕ ಕೇಳಿದಳು.

“ಅಕ್ಕಾ… ನಿನ್ನ ದೇಶ ಎಲ್ಲಿವರೆಗೆ ಬಂದಿತ್ತು?”

“ದೋಣಿ ದಡ ಮುಟ್ಟಿತ್ತು. ಜನ ಇನ್ನೂ ಇಳಿದಿಲ್ಲ.”

“ಅವತ್ತಿಂದ ದೋಣೀಲೇ ಕೂತಿದಾರಾ?”

“ಮತ್ತೆ? ನಿನ್ನ ಯುದ್ಧ ಮುಗೀಲಿ ಅಂತ ಕಾಯ್ತಿದಾರೆ.”

ನಗುತ್ತಲೇ ಹೇಳಿದಳು. ಆದರೆ ಆಗಲೇ ತೊಳೆದಿಟ್ಟ ಬಾಣಲೆಯನ್ನು ಮತ್ತೆ ಎತ್ತಿಕೊಂಡು ಉಜ್ಜತೊಡಗಿದಳು.

ಬುಗುರಿ ನಕ್ಷೆಯನ್ನು ಕಪಾಟಿನ ಮೇಲಿಟ್ಟ. ಸ್ಟೂಲನ್ನು ದರದರ ಎಳೆದು ತಂದು ಸಿಂಕಿನ ಮುಂದೆ ಹತ್ತಿ ನಿಂತ. ಅಂಗಿಯ ತೋಳು ಮಡಚಿದ.

“ಸ್ವಲ್ಪ ಸರಿ ಆ ಕಡೆ.”

“ಏನಿದು? ಯುದ್ಧ ಮುಗೀತಾ?”

“ರಾಜ ಸೋತ.”

“ಯಾರ ಕೈಲಿ?”

ಬುಗುರಿ ತಳ ಹಿಡಿದ ಪಾತ್ರೆಯನ್ನೇ ಮೊದಲು ಎತ್ತಿಕೊಂಡ. ಅಕ್ಕ ಕೈ ಒರೆಸಿಕೊಂಡು ಒಳಗೆ ಹೋದಳು. ಹಾಸಿಗೆಯಡಿಯಿಂದ ನೋಟ್‌ಬುಕ್ ಎಳೆದ ಸದ್ದು ಕೇಳಿಸಿತು.

ಪಾತ್ರೆ ಮುಗಿಯುವಷ್ಟರಲ್ಲಿ ಅವನ ಬೆರಳ ತುದಿಗಳು ಅಮ್ಮನ ಬೆರಳುಗಳ ಹಾಗೆ ಸುಕ್ಕುಗಟ್ಟಿದ್ದವು. ಹಾಗೇ ಹೋಗಿ ಖಾಲಿ ಹಾಳೆಯ ಮುಂದೆ ಕೂತ. ಈ ಸಲ ಯೋಚಿಸಬೇಕಾಗಲಿಲ್ಲ.

‘ನನ್ನ ದೇಶ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿಲ್ಲ. ಎರಡು ಸಾವಿರ ತಟ್ಟೆ ಹಾಗೇ ಬಿದ್ದಿವೆ.’

ಆಮೇಲೆ ಕಪಾಟಿನ ಮೇಲಿದ್ದ ನಕ್ಷೆ ತಂದು ಹರಡಿದ. ಅರಮನೆಯ ಸುತ್ತ ಒಂದಿಂಚೂ ಜಾಗವಿರಲಿಲ್ಲ. ರಬ್ಬರ್ ತೆಗೆದುಕೊಂಡು ಸಿಂಹಾಸನವನ್ನೇ ಅಳಿಸಿದ. ಅಲ್ಲಿ ಉದ್ದನೆಯ ಸಿಂಕ್ ಬರೆದ. ಅದರ ಮುಂದೆ ರಾಜನನ್ನು ನಿಲ್ಲಿಸಿದ. ಬಗ್ಗಿದರೆ ಕಿರೀಟ ನೀರಿಗೆ ಬೀಳುವ ಹಾಗಿತ್ತು. ಅದನ್ನೂ ಅಳಿಸಿದ.

“ಏಯ್! ಇಳಿದ್ರು ಕಣೋ!” ಒಳಗಿನಿಂದ ಅಕ್ಕ ಕೂಗಿದಳು.

“ಎಷ್ಟು ಜನ?”

“ತಡಿ, ಇನ್ನೂ ಇಳೀತಾನೇ ಇದಾರೆ. ಸುಮ್ಮನಿರು.”

ಬುಗುರಿ ಅಲ್ಲಾಡದೆ ಸುಮ್ಮನೆ ಕೂತ.