ಕಬ್ಬಿಣದ ಬಳೆಯ ಚೆಲುವೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಸಂಪಿಗೆದುರ್ಗ ಅನ್ನುವ ರಾಜ್ಯವಿತ್ತು. ಅಲ್ಲಿನ ಬಳೆಗಾರ ಕೆಂಚಸೆಟ್ಟಿಯ ಅಣ್ಣ ಮುದ್ದಸೆಟ್ಟಿ ಕಾಡಿನ ಮಾಯಾಂಗನೆಯ ಮುಖ ನೋಡಿ ನವಿಲಾಗಿಬಿಟ್ಟ. ನೋಡಿದ ಗಂಡಸರೆಲ್ಲ ಹಾಗೇ ಆಗುತ್ತಿದ್ದರು. ಅವಳ ಒಡೆಯ ಒಬ್ಬ ಮಾಂತ್ರಿಕ. ಆ ನವಿಲುಗಳ ಗರಿ ಕಿತ್ತು ಹಾಸಿಗೆ ತುಂಬಿಸಿ ಮಲಗುವ ಮಹಾ ಸುಖಪುರುಷ!

ಅಣ್ಣನನ್ನು ಕರೆತರಲು ಕೆಂಚಸೆಟ್ಟಿ ಹೊರಟ. ಅವಳು ಹೇಗಿದ್ದಾಳೆಂದು ವಿಚಾರಿಸಿದರೆ, ದೂರದಿಂದ ಇಣುಕಿ ಓಡಿಬಂದವನೊಬ್ಬ "ಬೆಳ್ಳಗೆ, ಎತ್ತರ" ಅಂದ. "ಛೆ, ಕಪ್ಪಗೆ, ಕುಳ್ಳಗೆ" ಅಂದ ಇನ್ನೊಬ್ಬ. ಕೆಂಚಸೆಟ್ಟಿಗೆ ತಲೆಬುಡ ತಿಳಿಯಲಿಲ್ಲ. ಅವನಿಗೆ ತಿಳಿದಿದ್ದು ಮನೆತನದ ಎರಡೇ ಪದ್ಧತಿ: ಹೆಣ್ಣಿನ ಕೈ ನೋಡಬೇಕು, ಮುಖ ನೋಡಬಾರದು; ಹೊಸ ಬಳೆ ಏರಿಸದೆ ಹಳೆಯದನ್ನು ತೆಗೆದು ಕೈ ಬರಿದು ಮಾಡಬಾರದು.

ಕಾಡು ಹೊಕ್ಕು ಅವಳೆದುರು ತಲೆ ತಗ್ಗಿಸಿ ಕೂತ. ಅವಳು ಕೈ ಚಾಚಿದಳು.

"ನನ್ನಂಥ ಚೆಲುವೆಯನ್ನು ಕಂಡಿದ್ದೀಯಾ? ತಲೆ ಎತ್ತು."

ನೋಡುವ ಆಸೆಯೇನೋ ಆಯಿತು. ಆದರೂ ಎತ್ತಲಿಲ್ಲ.

"ಸಂಪಿಗೆದುರ್ಗದ ಸಿಂಹಾಸನ ಕೊಡುತ್ತೇನೆ, ತಲೆ ಎತ್ತು."

ಅಯ್ಯೋ, ಕತ್ತು ಅರ್ಧ ಎದ್ದೇಬಿಟ್ಟಿತು! ಹಲ್ಲು ಕಚ್ಚಿ ತಗ್ಗಿಸಿದ.

"ಏಳು ಸೀಮೆಯಲ್ಲೂ ನಿನ್ನಂಥ ಬಳೆಗಾರನಿಲ್ಲ ಕಣೋ."

ಜನ್ಮದಲ್ಲಿ ಯಾರೂ ಹೇಳಿರದ ಮಾತು. ಎತ್ತಿಬಿಟ್ಟ! ಅಲ್ಲಿ ಕಂಡದ್ದು ಅವನದೇ ಮುಖ, ಕಿರೀಟ ಹೊತ್ತು ನಗುತ್ತಿತ್ತು. ಇವಳ್ಯಾರು, ತಾನ್ಯಾರು, ಒಂದೂ ತಿಳಿಯಲಿಲ್ಲ. ಬೆನ್ನಲ್ಲಿ ಗರಿ ಮೊಳೆತವು. ಬೆರಳುಗಳು ಮಾತ್ರ ರೂಢಿಯಂತೆ ಅವಳ ಮಣಿಕಟ್ಟು ಒತ್ತಿದವು. ಅದು ಕಬ್ಬಿಣದ ಬಳೆಯ ಕೆಳಗೆ ಬಾತುಕೊಂಡಿತ್ತು.

"ಯಾವ ಮುಠ್ಠಾಳ ತೊಡಿಸಿದ ಇದನ್ನು? ಎರಡು ಅಳತೆ ಕಿರಿದು!"

ಸಿಟ್ಟಿನಲ್ಲಿ ಕಿರೀಟ ಮರೆತೇಹೋಯಿತು, ಮೊಳೆತ ಗರಿಗಳೂ ಉದುರಿದವು. ಮೊದಲು ಹಸಿರು ಗಾಜಿನ ಬಳೆ ಏರಿಸಿದ. ಆಮೇಲೆ ಎಣ್ಣೆ ಹಚ್ಚಿ, ಹೆಬ್ಬೆರಳು ಮಡಿಸಿ, ಗಾಜಿನ ಬಳೆಯೊಳಗಿಂದಲೇ ಕಬ್ಬಿಣವನ್ನು ಜಾರಿಸಿ ತೆಗೆದ.

ತೊಟ್ಟವರ ಮುಖಕ್ಕೆ ಮಾಯೆ ಅಂಟಿಸುವ ಬಳೆ ಅದು; ಅವಳ ಕೈ ಬರಿದಾದರೆ ತೆಗೆದವನ ಕೈಗೇ ಏರುವಂತೆ ಮಾಂತ್ರಿಕ ಅದಕ್ಕೆ ಮಂತ್ರ ಹಾಕಿದ್ದ. ಕೈ ಬರಿದಾಗಲೇ ಇಲ್ಲವಲ್ಲ! ದಿಕ್ಕುಗೆಟ್ಟ ಬಳೆ ಉರುಳಿಹೋಗಿ ಮಂತ್ರ ಹಾಕಿದವನ ಕೈಗೇ ಏರಿತು. ಗಾಬರಿಯಲ್ಲಿ ಅವನು ಮುಖಕ್ಕೇನಾಯಿತೆಂದು ಪಕ್ಕದ ಕೊಳಕ್ಕೆ ಬಗ್ಗಿ ನೋಡಿಕೊಂಡ. ನವಿಲಾದ.

ಉಳಿದ ನವಿಲುಗಳೆಲ್ಲ ಗಂಡಸರಾದವು. ಆದದ್ದೇ ತಡ, ಜಗಳ ಶುರು. "ನನ್ನನ್ನೇ ಕರೆದಳು!" "ಹೋಗಯ್ಯಾ, ನನ್ನನ್ನೇ!" ಮುದ್ದಸೆಟ್ಟಿ ಎದುರಿಗಿದ್ದ ಹೆಂಗಸನ್ನು ಕೇಳಿದ: "ತಾಯೀ, ಇಲ್ಲೊಬ್ಬ ಚೆಲುವೆ ಇದ್ದಳು, ಕಂಡಿರಾ?"

ಅವಳೇ ಇವಳು. ಹೆಸರು ದೇವೀರಿ, ಕುಂಬಾರರ ಮಗಳು.

"ಇಲ್ಲಪ್ಪ, ನಾನೂ ಅವಳನ್ನು ನೋಡಿಲ್ಲ" ಅಂದಳು.

ಕೆಂಚಸೆಟ್ಟಿ ಅಣ್ಣನ ಕೈ ಹಿಡಿದುಕೊಂಡೇ ಅವಳ ಮುಖ ನೋಡಿದ. ಚೆಲುವೆಯೋ ಅಲ್ಲವೋ, ಈಗಲೂ ಗೊತ್ತಾಗಲಿಲ್ಲ.

"ಕೈ ನೋಯ್ತಿದೆಯೇನಮ್ಮಾ?" ಅಂತ ಕೇಳಿದ.

ಬಳೆ ತೊಟ್ಟ ಅಷ್ಟೂ ವರ್ಷದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ದೇವೀರಿ ಗೊಳೋ ಎಂದು ಅತ್ತಳು, ಆಮೇಲೆ ನಕ್ಕಳು. ಎಲ್ಲರೂ ಅವರವರ ಮನೆ ಸೇರಿ ಹೊಟ್ಟೆತುಂಬ ಉಂಡು, ಸಾಧಾರಣ ಹಾಸಿಗೆಯ ಮೇಲೆ ಸುಖವಾಗಿ ಮಲಗಿದರು.