ಹಿಡಿ ಜೋಳದೊಳಗಿನ ಹೆಸರು

"ಸ್ವಲ್ಪ ನಿಂದರ್ರಿ ಟೀಚರ್, ಮ್ಯಾಲ ಬಲ್ಬ್ ಕಟ್ಟಾಕತ್ತೇನಿ. ತಲಿ ಮ್ಯಾಲ ಬಿದ್ದೀತು."

ಆ ದನಿ ಕೇಳಿದ್ದೇ ತಡ, ಪರಿಮಳಾಳ ಕಾಲು ಚರ್ಚಿನ ಹೊಸ್ತಿಲಲ್ಲೇ ನಿಂತಿತು. ಸೊಂಟದ ಮೇಲೆ ಜೋಳದ ಗಡಿಗೆ, ತಲೆಯ ಮೇಲೆ ಸೆರಗು... ಎದುರಿಗೆ ಏಣಿ. ಏಣಿಯ ಮೇಲೆ ಸತ್ಯಮಿತ್ರ.

ವರ್ಷವಿಡೀ ಈ ಮುಖ ತಪ್ಪಿಸಿಕೊಂಡು ತಿರುಗಿದ್ದಳು. ಇವತ್ತು ಚರ್ಚಿಗೆ ಬೇರೆ ಬಾಗಿಲಿರಲಿಲ್ಲ.

'ಟೀಚರ್ ಅಂತ... ನನ್ನ ಹೆಸರು ಮರ್ತಾನ ಏನು?'

ಶಹಾಪುರದ ಕಾಲುವೆ ಬಯಲಿನ ಆ ಊರಿನಲ್ಲಿ ಅಂದು ಕ್ರೈಸ್ತ ಸಭೆಯ ನೂರನೇ ವರ್ಷದ ಆರಾಧನೆ. ಹಿಂದೊಮ್ಮೆ ಬೇವಿನ ಮರದ ಕೆಳಗೆ ಕೂತು ಪ್ರಾರ್ಥನೆ ಮಾಡಿದ ನಾಲ್ಕೈದು ಮನೆಗಳವರ ಮರಿಮಕ್ಕಳು ಯಾದಗಿರಿ, ಸುರಪುರ, ಕಕ್ಕೇರಾ ಕಡೆಯಿಂದೆಲ್ಲ ಬಂದಿದ್ದರು. ಗೋಡೆಗೆ ಹೊಸ ಸುಣ್ಣ, ಒಳಗೆ ಹೊಸ ಜಮಖಾನೆ. ಹಿತ್ತಲಲ್ಲಿ ಆಗಲೇ ಹುಗ್ಗಿಯ ಒಲೆ ಹೊತ್ತಿತ್ತು.

ಈ ಸಭೆಗೆ ಒಂದು ಪದ್ಧತಿಯಿದೆ. ಬೀಸಲು ಜೋಳ ತೆಗೆಯುವಾಗಲೆಲ್ಲ ಮನೆಯವರು ಒಂದು ಹಿಡಿ ಎತ್ತಿಡುತ್ತಾರೆ. ವಾರ್ಷಿಕ ಆರಾಧನೆಯ ದಿನ ಮನೆಗೊಬ್ಬರು ಮುಂದೆ ಬಂದು ಅದನ್ನು ಹಿತ್ತಾಳೆಯ ಕೊಪ್ಪರಿಗೆಗೆ ಸುರಿದು, ತಮ್ಮ ಒಲೆಯ ಮುಂದೆ ಉಣ್ಣುವವರ ಹೆಸರು ಹೇಳಬೇಕು. ಆ ಜೋಳವೆಲ್ಲ, ದುಡಿಯುವವರಿಲ್ಲದ ಮನೆಗಳಿಗೆ ಹೋಗುತ್ತದೆ. ಆದರೆ ಹೆಂಗಸರ ಕಿವಿ ಇರುವುದು ಹೆಸರುಗಳ ಮೇಲೆ! ಬೇರೆ ಮನೆಯ ಹೆಣ್ಣಿನ ಹೆಸರು ಬಂತೋ, ಸಂಬಂಧ ಕುದುರಿತು ಎಂದೇ ಅರ್ಥ. ಮತ್ತೆ ಡಂಗುರ ಸಾರುವುದು ಬೇಡ.

ಹೋದ ವರ್ಷ ಸತ್ಯಮಿತ್ರ, ತಾಯಿ ತೀರಿಕೊಂಡ ಮೇಲೆ ಮೊದಲ ಸಲ, ತಾನೇ ಜೋಳ ಸುರಿದು ಹೇಳಿದ್ದ. "ಸತ್ಯಮಿತ್ರ... ರೂತ."

ರೂತ ಕಕ್ಕೇರಾದಲ್ಲಿರುವ ಅವನ ಅಕ್ಕನ ಮಗಳು. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಈ ಕಡೆ ಹೊಸದೇನಲ್ಲ. ಹುಡುಗಿ ಆಗಲೇ ಅವನ ಮನೆಗೆ ಬಂದು ಇದ್ದಳು. ಓದು ಮುಗಿದ ಮೇಲೆ ಮದುವೆ ಎಂದು ಊರೇ ತೀರ್ಮಾನ ಮಾಡಿತು.

"ಮುಂದ ಒಂದ್ ದಿನಾ ನಮ್ಮ ಮನಿ ಜೋಳ ನೀನ ಸುರೀಬೇಕು" ಎಂದು ಕಾಲುವೆ ದಂಡೆಯ ಮೇಲೆ ಅವನು ಆಡಿದ್ದ ಮಾತನ್ನು ಪರಿಮಳಾ ಎದೆಯಲ್ಲಿಟ್ಟುಕೊಂಡಿದ್ದಳು. ಆ ಎದೆಯೇ ಒಡೆಯಿತು. ಹೊಸದಾಗಿ ಟೀಚರ್ ನೌಕರಿ ಸಿಕ್ಕಿದ್ದ ಸುರಪುರಕ್ಕೆ ಬಸ್ಸು ಹತ್ತಿದವಳು ಅವನ ಫೋನು ಎತ್ತಲೇ ಇಲ್ಲ. ಒಂದು ಮಾತು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿ, ಹೌದು ಎನ್ನಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಈಗ ಯಾದಗಿರಿಯಲ್ಲಿ ಒಂದು ಗಂಡಿನ ಮನೆ ಉತ್ತರಕ್ಕೆ ಕಾದಿತ್ತು. ಇವತ್ತಿನ ಊಟವಾದ ಮೇಲೆ ಹೂಂ ಎಂದು ಫೋನ್ ಮಾಡುವುದಾಗಿ ಅಪ್ಪ ಹುಲಗಪ್ಪ ಮಾತು ಕೊಟ್ಟಿದ್ದ. ಅವಳು ಬೇಡವೆಂದಿರಲಿಲ್ಲ.

ಸತ್ಯಮಿತ್ರ ಏಣಿ ಇಳಿದ. "ಗಡಿಗಿ ಭಾರ ಐತಿ, ಕೊಡ್ರಿ."

"ಬ್ಯಾಡ್ರಿ. ನಮ್ಮ ಮನಿ ಭಾರ ನಾನ ಹೊರ್ತೀನಿ." ತಡೆಯಲಾಗದೆ ಕೇಳಿಯೇಬಿಟ್ಟಳು. "ಮದುವಿ ಯಾವಾಗ ಇಟ್ಕೊಂಡೀರಿ?"

"ಯಾರದು?"

"ನಿಮ್ಮದು. ರೂತಂದು."

ಅವನ ಕೈಯಲ್ಲಿದ್ದ ವಯರಿನ ಸುರುಳಿ ನೆಲಕ್ಕೆ ಬಿತ್ತು.

"ಏನ್ ಮಾತಂತ ಆಡ್ತಿ... ಆಕಿನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಆಡಿಸೀನಿ. ಶಹಾಪುರದಾಗ ಕಾಲೇಜಿಗೆ ಹೋಗ್ತಾಳ, ಅದಕ್ಕ ನಮ್ಮ ಮನ್ಯಾಗ ಇರ್ತಾಳ. ಉಣ್ಣೋರ ಹೆಸರು ಹೇಳು ಅಂದ್ರು, ಹೇಳಿದೆ. ಅಕ್ಕನ ಮಗಳ ಹೆಸರಿಗೂ ಹಿಂಗ ಅರ್ಥ ಹಚ್ಚತಾರಂತ ನನ್ನ ತಲಿಗೆ ಹೊಳೀಲಿಲ್ಲ."

"ಊರಾಗ ಎಲ್ಲಾರೂ ಅಂದ್ರು..."

"ಎಲ್ಲಾರೂ ಅಂದ್ರು. ನನ್ನ ಯಾರೂ ಕೇಳಲಿಲ್ಲ. ನಾ ಏನ್ ತಿಳ್ಕೊಂಡೆ ಗೊತ್ತದೇನು? ನೌಕರಿ ಸಿಕ್ತು, ಇನ್ನ ಕಾಲುವಿ ಗೇಟ್ ತಿರುವೋನ ಸಂಗಾಟ ಮಾತು ಸಾಕಾತು ಅಂತ."

ಪರಿಮಳಾಳ ಕಣ್ಣು ತುಂಬಿತು. ಎಷ್ಟು ದಿನ... ಎಷ್ಟು ದಿನ ಸುಮ್ಮಸುಮ್ಮನೆ ಇಬ್ಬರೂ ಸುಟ್ಟುಕೊಂಡರು.

"ಊಟ ಆದ ಮ್ಯಾಲ ಅಪ್ಪ ಯಾದಗಿರಿಗೆ ಹೂಂ ಅಂತಾನ," ಎಂದಳು, ನೆಲ ನೋಡುತ್ತ.

ಅವನು ಬಗ್ಗಿ ವಯರಿನ ಸುರುಳಿ ಎತ್ತಿಕೊಂಡ.

"ಕೊಪ್ಪರಿಗಿ ಮುಂದ ನಿನ್ನ ಹೆಸರು ಹೇಳಬಹುದು ನಾನು. ಆದ್ರ ಹಂಗ ಹೇಳಿದ್ರ ಮಂದಿ ಮುಂದ ನಿನ್ನ ಕಟ್ಟಿ ಹಾಕಿದಂಗ. ನಿನ್ನ ಬಾಯಿಂದ ಬರಲಾರದ ನಾ ಹೇಳಂಗಿಲ್ಲ."

ಗಂಟೆ ಮೊಳಗಿತು. ಜನ ಒಳಗೆ ನುಗ್ಗಿದರು. ಅವಳಿಗೆ ಉತ್ತರ ಕೊಡಲು ಸಮಯವೇ ಸಿಗಲಿಲ್ಲ.

ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಹಾರ್ಮೋನಿಯಂ, ತಬಲಾ, ಹಾಡು. ಸಭಾಪಾಲಕರಾದ ಪಾದ್ರಿಗಳು ತೀರಿಹೋದ ಹಿರಿಯರನ್ನು ನೆನೆದು ಪ್ರಾರ್ಥಿಸಿದರು. ಪರಿಮಳಾ ಕಣ್ಣು ಮುಚ್ಚಿದ್ದಳು, ಆದರೆ ಒಳಗೊಳಗೇ ಒಂದೇ ಮಾತು ತಿರುಗುತ್ತಿತ್ತು. 'ನನ್ನ ಬಾಯಿಂದ ಬರಬೇಕು. ಹೋದ ವರ್ಷ ಬಾಯಿ ಬಿಡಲಿಲ್ಲ. ಇವತ್ತೂ ಬಿಡಲಿಲ್ಲ ಅಂದ್ರ...'

"ಹುಲಗಪ್ಪನ ಮನೆಯವರು ಬರಬೇಕು."

ಅವ್ವ ಹಿತ್ತಲಿನ ಒಲೆಯ ಮುಂದಿದ್ದಳು. ಮನೆಯ ಹಿರಿಯಳು ಕರೆಮ್ಮಜ್ಜಿಗೆ ಕೈ ನಡುಕ. ಪರಿಮಳಾ ಎದ್ದು ಗಡಿಗೆ ಬಗ್ಗಿಸಿದಳು. ಜೋಳ ಸದ್ದು ಮಾಡುತ್ತ ಕೊಪ್ಪರಿಗೆಗೆ ಇಳಿಯಿತು.

"ಹುಲಗಪ್ಪ. ಸುಂದ್ರಮ್ಮ. ಕರೆಮ್ಮ."

ಅಷ್ಟೇ. ಮುಂದೆ ಹೇಳಲಿಲ್ಲ.

ಮರೆತಳೆಂದುಕೊಂಡು ಸಭಾಪಾಲಕರು ಮೆಲ್ಲಗೆ ಅಂದರು. "ನಿನ್ನ ಹೆಸರಮ್ಮಾ?"

ಗಂಡಸರ ಸಾಲಿನಲ್ಲಿ ಅಪ್ಪ ತಲೆಯೆತ್ತಿ ನೋಡುತ್ತಿದ್ದ. ಆದರೂ ಹೇಳಿದಳು. "ನನ್ನ ಹೆಸರು ಇನ್ನೊಂದು ಮನಿ ಜೋಳದಾಗ ಬರೋದು ಐತ್ರಿ, ಅಯ್ಯಾವ್ರ."

ಹೆಂಗಸರ ಸಾಲು ಗುಜುಗುಜು ಎಂದಿತು. ಕರೆಮ್ಮಜ್ಜಿ ಪಕ್ಕದವಳ ತೊಡೆ ತಿವಿದು, "ಸುಮ್ನಿರು, ಕೇಳಗೊಡು" ಎಂದಳು.

ಮುಂದೆ ಮೂರ್ನಾಲ್ಕು ಮನೆಗಳು ಬಂದು ಹೋದವು. ಯಾರ ಹೆಸರೂ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಸತ್ಯಮಿತ್ರ ಎದ್ದ. ಜೋಳ ಸುರಿಯುವಾಗ ಒಂದಿಷ್ಟು ಕಾಳು ಜಮಖಾನೆಯ ಮೇಲೆ ಚೆಲ್ಲಿತು.

"ಸತ್ಯಮಿತ್ರ." ಉಸಿರು ತೆಗೆದುಕೊಂಡ. "ರೂತ... ನನ್ನ ಮಗಳಿದ್ದಂಗ."

ಆಮೇಲೆ ಹೆಂಗಸರ ಸಾಲಿನ ಕಡೆ ನೇರವಾಗಿ ನೋಡಿದ.

"ಪರಿಮಳಾ."

ಸಭಾಪಾಲಕರು ಹುಲಗಪ್ಪನ ಕಡೆ ನೋಡಿದರು. ಹುಲಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, "ಆಮೆನ್ ಅನ್ರಿ ಎಲ್ಲಾರೂ," ಎಂದ. ಎಲ್ಲರೂ ಆಮೆನ್ ಎಂದರು.

ಊಟಕ್ಕೆ ಕೂರುವ ಮೊದಲೇ ಹುಲಗಪ್ಪ ಫೋನ್ ಹಿಡಿದು ಬೇವಿನ ಮರದ ಕಡೆ ನಡೆದ. "ಯಾದಗಿರಿಗೆ ನಾನ ಫೋನ್ ಮಾಡಿ ತಪ್ಪಾತು ಅಂತೀನಿ," ಎಂದ ಮಗಳಿಗೆ. "ಮೊದಲ ನನಗ ಹೇಳಿದ್ರ ಏನಾಗ್ತಿತ್ತು? ನಾ ಏನು ಹುಲಿನಾ?"

ಪಂಕ್ತಿಯಲ್ಲಿ ಸತ್ಯಮಿತ್ರನೇ ಹುಗ್ಗಿ ಬಡಿಸುತ್ತ ಬಂದ. ಪರಿಮಳಾಳ ಎಲೆಯ ಮುಂದೆ ಸೌಟು ನಿಂತಿತು.

"ಬರೋ ವರ್ಷ ನಮ್ಮ ಮನಿ ಜೋಳ ಯಾರು ಸುರೀತಾರ?"

"ನಾನ. ಆದ್ರ ಇನ್ನ ಮ್ಯಾಲ ಏನಿದ್ರೂ ಮೊದಲ ನನಗ ಹೇಳಬೇಕು. ನಾನೂ ಮೊದಲ ನಿನ್ನ ಕೇಳ್ತೀನಿ."

"ಹೂಂ ಟೀಚರ್."

"ಟೀಚರ್ ಅನಬ್ಯಾಡ."

"ಮತ್ತ ಏನನ್ನಲಿ?"

"ಆಗ ಕೊಪ್ಪರಿಗಿ ಮುಂದ ಅಂದ್ಯಲ್ಲ... ಅದನ್ನ ಇನ್ನೊಮ್ಮೆ ಅನು."

ಅವನು ಹುಗ್ಗಿಯ ಪಾತ್ರೆ ಕೆಳಗಿಟ್ಟು, ಅವಳಿಗೆ ಮಾತ್ರ ಕೇಳುವಂತೆ ಅಂದ.

"ಪರಿಮಳಾ."