ಶಿವಲೀಲಾ ತರಿಸಿದ ಹೆಲಿಕಾಪ್ಟರು

ಶಿವಲೀಲಾ ಒಂದೇ ಒಂದು ಫೋನ್ ಮಾಡಿದಳು, ಹೊಳಗುಂದದ ಹೊಲಕ್ಕೆ ಇಪ್ಪತ್ತು ಪೊಲೀಸ್ ಜೀಪು ಬಂದವು. ಹಿಂದೆಯೇ ಹೆಲಿಕಾಪ್ಟರು. ಅದರ ಗಾಳಿಗೆ ಹೊಲದ ಹತ್ತಿಯೆಲ್ಲ ಹಾರಿ, ಆದೋನಿಯ ಮಿಲ್ಲಿನ ಬಾಗಿಲಿಗೆ ಹೋಗಿ ಬಿತ್ತು.

ಊಟದ ಬೆಲ್ ಹೊಡೆದ ಮೇಲೆ, ಕೈಯಲ್ಲಿ ಮೊಟ್ಟೆ ಹಿಡಿದುಕೊಂಡೇ ಶಿವಲೀಲಾ ಈ ಸುದ್ದಿ ಹೇಳಿದಳು. ಸುತ್ತ ಕೂತ ಐದನೇ ಕ್ಲಾಸಿನವರ ಬಾಯಿ ಬಾವಿಯಷ್ಟು ಅಗಲವಾಯಿತು.

ಗೆಳತಿ ನಾಗಜ್ಯೋತಿ ಅಂದು ಬೆಳಿಗ್ಗೆ ಸ್ಕೂಲಿಗೆ ವಾಪಸ್ ಬಂದಿದ್ದಂತೂ ನಿಜ. ತಳಿ ಬೆರೆಸುವ ಕ್ರಾಸಿಂಗ್ ಕೆಲಸ ಶುರುವಾದಾಗಿನಿಂದ ಅವಳು ಕೊಟ್ರಬಸಪ್ಪ ಗೌಡರ ಬೀಜದ ಹತ್ತಿ ಹೊಲದಲ್ಲಿದ್ದಳು. ಸಂಜೆ ಮೊಗ್ಗಿನ ಎಸಳು ಬಿಡಿಸಬೇಕು, ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದರ ಪರಾಗ ಈ ಮೊಗ್ಗಿಗೆ ಸವರಬೇಕು. ಸಣ್ಣ ಬೆರಳಿಗೆ ಸಲೀಸು ಅಂತ ಹುಡುಗಿಯರನ್ನೇ ಕರೆಯುತ್ತಾರೆ. ಹದಿನಾಲ್ಕು ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಕಾನೂನು ಫೋನ್ ನಂಬರಿನ ಸಮೇತ ಸ್ಕೂಲಿನ ಗೋಡೆ ಮೇಲಿದೆ. ಆದರೆ ಗೋಡೆ ಹೊಲಕ್ಕೆ ನಡೆದು ಹೋಗುವುದಿಲ್ಲ. ಅದಕ್ಕೇ ನಿನ್ನೆ ಸಂಜೆ ತಾನೇ ಹೋದೆನೆಂದು ಶಿವಲೀಲಾ ಹೇಳಿದಳು. ಅವಳನ್ನು ಕಂಡ ಗೌಡರು ಗಡಗಡ ನಡುಗಿ ಹತ್ತಿ ಮೂಟೆಯ ಹಿಂದೆ ಅಡಗಿದರಂತೆ.

“ಮೂಟೆ ಎಲ್ಲಿಂದ ಬಂತವಾ?” ಎಂದಳು ಹಾರಿಕಾ. “ಈಗಿನ್ನೂ ಗಿಡ ಹೂ ಬಿಡಾಕತ್ತೈತಿ. ಹತ್ತಿನೇ ಒಡೆದಿಲ್ಲ. ಹಾರಿದ್ದೇನು, ನಿಮ್ಮಜ್ಜಿ ಕೌದಿಯಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಗಜ್ಯೋತಿ ಮಾತ್ರ ತನ್ನ ಪಾಡಿಗೆ ಮೊಟ್ಟೆ ಸುಲಿಯುತ್ತಿದ್ದಳು. ಬೆರಳ ತುದಿಗಳು ಕಪ್ಪಾಗಿ ಒಡೆದಿದ್ದವು. ಹಾಗಾದರೆ ನೀನು ಹೆಂಗ ಬಂದಿ ಎಂದು ಹಾರಿಕಾ ಅವಳನ್ನೇ ಕೇಳಿದಳು.

ನಾಗಜ್ಯೋತಿ ಮೆಲ್ಲಗೆ ಹೇಳಿದಳು. ನಿನ್ನೆ ಸಂಜೆ ಹೊಲದಲ್ಲಿ ತಾನು, ನಾಳೆಯಿಂದ ಸ್ಕೂಲಿಗೆ ಹೋಗ್ತೀನಿ, ಮಕ್ಕಳಿಗೆ ಕೆಲಸ ಹಚ್ಚಬಾರದಂತ ಕಾನೂನು ಐತಿ ಎಂದಾಗ ಗೌಡರು ನಕ್ಕಿದ್ದರು. ಹೂವು ಮುಟ್ಟುವುದು ಒಂದು ಕೆಲಸವೇ, ಅದು ಆಟ ಅಂದಿದ್ದರು.

“ಆಟ ಆದ್ರ ನಿಮ್ಮ ಮಗ ಚೇತನನ್ನ ಕಳಸ್ರಿ ಗೌಡ್ರ, ಆತನ ಬೆಂಚಿನಾಗ ನಾ ಕುಂದರ್ತೀನಿ ಅಂದೆ.”

ಆ ಮಾತು ಕೇಳಿ, ಪಕ್ಕದ ಹತ್ತಿ ಸಾಲಿನಲ್ಲಿ ಕೆಲಸ ಮಾಡುತ್ತಿದ್ದ ಅವ್ವ ಉಚ್ಚಮ್ಮ ಎದ್ದು ಬಂದು, ನಡಿಯವಾ ಎಂದು ಮಗಳನ್ನು ಮನೆಗೆ ಕರೆದುಕೊಂಡು ಹೋಗಿದ್ದಳು.

ಎಲ್ಲರೂ ಶಿವಲೀಲಾಳ ಕಡೆ ತಿರುಗಿದರು. ಇನ್ನೊಂದು ಹೆಲಿಕಾಪ್ಟರು ನಾಲಿಗೆಯ ತುದಿವರೆಗೂ ಬಂದು, ಅಲ್ಲಿಂದಲೇ ಹಿಂದೆ ಹೋಯಿತು.

“ನಾ ಫೋನ್ ಮಾಡ್ಲಿಲ್ಲ,” ಎಂದಳು. “ಗೌಡ್ರನ್ನ ನೋಡಿ ನನ್ನ ಕಾಲೇ ನಡುಗಿದ್ವು. ಬದುವಿನ ಮ್ಯಾಲೆ ಸುಮ್ನ ನಿಂತಿದ್ದೆ, ಅಷ್ಟ.”

“ನಿಂತಿದ್ದು ಕಂಡಿತ್ತು,” ಎಂದಳು ನಾಗಜ್ಯೋತಿ. “ಕಂಡ ಮ್ಯಾಲೇ ನಾ ಬಾಯಿ ತೆಗೆದಿದ್ದು.”

ಶಿವಲೀಲಾ ಅದಕ್ಕೆ ಒಂದು ಮಾತೂ ಸೇರಿಸಲಿಲ್ಲ.